ಓದಿದ್ದು ಯಾವುದು, ಹೇಳಿದ್ದು ಯಾರಿಗೆ

ನನಗೆ ನೆನಪಿರುವಾಗಿನಿಂದ ನಮ್ಮ ಅಡುಗೆಮನೆಯ ಗೋಡೆಯಲ್ಲಿ ಬೆಂಗಳೂರು ಪ್ರೆಸ್ಸಿನ ಕ್ಯಾಲೆಂಡರೇ ತೂಗುತ್ತಿದೆ. ದಪ್ಪ ಅಂಕಿ, ಅದರ ಸುತ್ತ ತಿಥಿ, ನಕ್ಷತ್ರ, ಹಬ್ಬ. ಆ ಚೌಕಗಳೇ ಅಮ್ಮನ ಲೆಕ್ಕದ ಪುಸ್ತಕ. 'ಹಾಲು ಅರ್ಧ ಲೀಟರ್ ಜಾಸ್ತಿ', 'ಗ್ಯಾಸ್ ಬಂತು', 'ಪೇಪರ್ ದುಡ್ಡು ಕೊಟ್ಟಿದೆ'. ಇವುಗಳ ನಡುವೆ ಅಲ್ಲಲ್ಲಿ 'ಲೈ. 2' ಅಂತಲೂ ಇರುತ್ತಿತ್ತು. ಲೈಬ್ರರಿಯಿಂದ ಎರಡು ಪುಸ್ತಕ ತಂದಾಗಿದೆ, ವಾಪಸ್ ಕೊಡಬೇಕು ಅಂತ ಅರ್ಥ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅದೇ ಚೌಕಗಳಲ್ಲಿ ಓದಿ ಮುಗಿಸಿದ ಪುಸ್ತಕದ ಹೆಸರು ಬರೆಯಲು ಶುರು ಮಾಡಿದೆ. ಯಾರೂ ಹೇಳಿಕೊಟ್ಟಿರಲಿಲ್ಲ. ಹಾಲು ಬಂದದ್ದನ್ನು ಬರೆಯುತ್ತಾರೆ ಅಂದಮೇಲೆ ಪುಸ್ತಕ ಮುಗಿದದ್ದನ್ನೂ ಬರೆಯಬೇಕು ಅನ್ನಿಸಿತ್ತು, ಅಷ್ಟೆ. ತಿಂಗಳ ಕೊನೆಯಲ್ಲಿ ಹಾಳೆ ಮಗುಚುವ ಮುಂಚೆ ಅಮ್ಮ ಹಾಲಿನ ಲೆಕ್ಕ ಕೂಡುತ್ತಿದ್ದಳು. ನಾನು ಪಕ್ಕದಲ್ಲಿ ನಿಂತು ಪುಸ್ತಕ ಎಣಿಸುತ್ತಿದ್ದೆ. ನನ್ನ ಓದಿನ ಲೆಕ್ಕ ತಿಂಗಳಿಗೊಮ್ಮೆ ಆಗುವುದು ಹೀಗೆ ರೂಢಿಯಾಯಿತು. ಈಗಲೂ ಬೇರೆ ಲೆಕ್ಕ ನನಗೆ ಒಗ್ಗುವುದಿಲ್ಲ. ವಾರ ತೀರಾ ಚಿಕ್ಕದು, ಒಂದು ದಪ್ಪ ಕಾದಂಬರಿಗೂ ಸಾಲದು. ವರ್ಷ ತೀರಾ ದೊಡ್ಡದು. ಡಿಸೆಂಬರಿನಲ್ಲಿ ಕೂತು ಫೆಬ್ರವರಿಯ ಪುಸ್ತಕ ನೆನೆಸಿಕೊಂಡರೆ ಹೆಸರೊಂದೇ ಉಳಿದಿರುತ್ತದೆ. ತಿಂಗಳಾದರೆ ಪುಸ್ತಕದ ಬಿಸಿ ಇನ್ನೂ ಆರಿರುವುದಿಲ್ಲ.

ಕ್ಯಾಲೆಂಡರಿನ ಹಾಳೆ ದಪ್ಪ ಅಂತ ಅಮ್ಮ ಅದನ್ನು ಎತ್ತಿಟ್ಟು ಜೂನ್‌ನಲ್ಲಿ ನಮ್ಮ ಸ್ಕೂಲ್ ಪುಸ್ತಕಗಳಿಗೆ ಬೈಂಡ್ ಹಾಕುತ್ತಿದ್ದಳು. ಹಾಗಾಗಿ ನನ್ನ ಮೊದಲ ಎರಡು ವರ್ಷದ ದಾಖಲೆ ಗಣಿತ ಮತ್ತು ಸಮಾಜದ ಪುಸ್ತಕಗಳ ಮೇಲೆ ಕೂತು, ಮಳೆಗೆ ನೆನೆದು, ಹರಿದುಹೋಯಿತು. ಮೂರನೇ ವರ್ಷ ಅಪ್ಪ ಅವೆನ್ಯೂ ರೋಡಿನಿಂದ ಉದ್ದನೆಯ ಲೆಕ್ಕದ ಪುಸ್ತಕ ತಂದುಕೊಟ್ಟರು. ಕೆಂಪು ಗೆರೆಗಳ ಕಾಲಂ ಇರುವಂಥದ್ದು. ಅಂಗಡಿಯವರು ಜಮೆ ಖರ್ಚು ಬರೆಯುವ ಪುಸ್ತಕ. ಅವತ್ತಿನಿಂದ ಇವತ್ತಿನವರೆಗೆ ಅಂಥವೇ ಆರು ತುಂಬಿವೆ.

ಅಮ್ಮನ ಹತ್ತಿರ ಇನ್ನೊಂದು ದಾಖಲೆ ಇತ್ತು. ಅದು ನನಗೆ ಗೊತ್ತಾಗಿದ್ದು ತುಂಬಾ ತಡವಾಗಿ.

ಆಗ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಸರ್ಕ್ಯುಲೇಟಿಂಗ್ ಲೈಬ್ರರಿ ಇದ್ದವು. ಹನುಮಂತನಗರದ ನಮ್ಮ ಮನೆ ಹತ್ತಿರವೂ ಒಂದಿತ್ತು. ಒಂದು ಮಳಿಗೆ, ಸೂರಿನವರೆಗೆ ರ‍್ಯಾಕು, ಬಾಗಿಲಲ್ಲಿ ಒಂದು ಮೇಜು. ಡಿಪಾಜಿಟ್ ಕಟ್ಟಿ ಸೇರಬೇಕು, ಪುಸ್ತಕಕ್ಕೆ ದಿನಕ್ಕಿಷ್ಟು ಅಂತ ಬಾಡಿಗೆ. ಬಾಳಿಕೆ ಬರಲಿ ಅಂತ ಎಲ್ಲ ಪುಸ್ತಕಕ್ಕೂ ಒಂದೇ ಥರದ ರಟ್ಟು ಹಾಕಿ ಬೈಂಡ್ ಮಾಡಿಸಿರುತ್ತಿದ್ದರು. ಮುಖಪುಟ ಇಲ್ಲ. ಓದಿದ್ದು ಯಾವುದು, ಓದದೆ ಇದ್ದದ್ದು ಯಾವುದು ಅಂತ ನೋಡಿದ ತಕ್ಷಣ ತಿಳಿಯುತ್ತಿರಲಿಲ್ಲ. ತಿಂಗಳಿಗೆ ಹತ್ತು ಹನ್ನೆರಡು ಕಾದಂಬರಿ ಓದುವವರಿಗೆ ಇದು ನಿಜವಾದ ತೊಂದರೆ. ಅದಕ್ಕೆ ಓದುವ ಹೆಂಗಸರು ತಮ್ಮದೇ ಒಂದು ಉಪಾಯ ಕಂಡುಕೊಂಡಿದ್ದರು. ಯಾವುದೋ ಒಂದು ಪುಟ ಗೊತ್ತು ಮಾಡಿಕೊಂಡು ಅಲ್ಲಿ ಒಂದು ಗುರುತು. ಅಮ್ಮನದು 45ನೇ ಪುಟ. ಪುಟದ ಅಂಕಿಯ ಕೆಳಗೆ ಪೆನ್ಸಿಲಿನ ಒಂದು ಚುಕ್ಕೆ. ಪುಸ್ತಕ ಎತ್ತಿಕೊಂಡು ಮೊದಲು 45ಕ್ಕೆ ತಿರುಗಿಸುವುದು. ಚುಕ್ಕೆ ಇದ್ದರೆ ವಾಪಸ್ ರ‍್ಯಾಕಿಗೆ.

ಆ ಲೈಬ್ರರಿ ಮುಚ್ಚಿದಾಗ ಯಜಮಾನರು ಹಳೇ ಸದಸ್ಯರನ್ನು ಕರೆದು, ಬೇಕಾದ್ದು ಆರಿಸಿಕೊಳ್ಳಿ, ತೋಚಿದಷ್ಟು ಕೊಡಿ ಅಂದರು. ಅಮ್ಮ ಹನ್ನೊಂದು ಪುಸ್ತಕ ತಂದಳು. ಅವತ್ತು ಸಂಜೆ ಮನೆಯಲ್ಲಿ ಕೂತು ಒಂದೊಂದರ 45ನೇ ಪುಟ ತೋರಿಸಿದಳು. ನಾನು ಬೇರೆ ಪುಟಗಳನ್ನೂ ಹುಡುಕಿದೆ. 21ರಲ್ಲಿ ಒಂದು ಸಣ್ಣ ಗುಣಿಸುವ ಗುರುತು. 'ಅದು ಹಿಂದಿನ ರೋಡಿನ ಟೀಚರ್‌ದು' ಅಂದಳು ಅಮ್ಮ. ನೂರನೇ ಪುಟದಲ್ಲಿ ಒಂದು ವೃತ್ತ. ಕೊನೆಯ ಪುಟದಲ್ಲಿ ಹಸಿರು ಇಂಕಿನ ಎರಡು ಗೆರೆ. ಒಂದೇ ಕಾದಂಬರಿಯಲ್ಲಿ ಏಳು ಜನರ ಗುರುತು ಸಿಕ್ಕಿತು. ನಾಲ್ವರು ಯಾರು ಅಂತ ಅಮ್ಮನಿಗೆ ಗೊತ್ತಿತ್ತು. ಉಳಿದ ಮೂವರು ಗೊತ್ತಿರಲಿಲ್ಲ. ಇಷ್ಟು ವರ್ಷ ನಮ್ಮ ಸುತ್ತಮುತ್ತಲ ನಾಲ್ಕು ಬೀದಿಯ ಹೆಂಗಸರು ಒಂದೇ ಪುಸ್ತಕದೊಳಗೆ ಒಬ್ಬರ ಹಿಂದೆ ಒಬ್ಬರು ಹೋಗಿ ಬಂದಿದ್ದಾರೆ. ನನ್ನ ನೋಟ್ ಬುಕ್ಕಿನಲ್ಲಿ ಇಷ್ಟು ಜನ ಇರಲಿಲ್ಲ. ನಾನೊಬ್ಬಳೇ ಇದ್ದೆ.

ಹಾಗಂತ ನನ್ನ ಮೊದಲ ಪುಟಗಳು ಬೇಡದವು ಅನ್ನುವುದಿಲ್ಲ. ಅವುಗಳಲ್ಲಿ ಪುಸ್ತಕದ ಹೆಸರು, ಬರೆದವರ ಹೆಸರು, ಮುಗಿಸಿದ ತಾರೀಖು, ಇಷ್ಟೇ ಇದೆ. ಇಷ್ಟಾದರೂ ಸಾಕು. ಗಾಂಧೀಜಿ 1922ರಿಂದ 1924ರವರೆಗೆ ಯರವಡಾ ಜೈಲಿನಲ್ಲಿದ್ದಾಗ ಬರೆದ ಡೈರಿಯಲ್ಲಿ ಇಂಥ ಪುಸ್ತಕ ಮುಗಿಸಿದೆ, ಇಂಥದ್ದು ಶುರು ಮಾಡಿದೆ ಅನ್ನುವ ಚುಟುಕು ಸಾಲುಗಳೇ ಬರುತ್ತವೆ. ಆ ಸಾಲುಗಳನ್ನು ಓದುವಾಗ ನನಗೆ ಒಂದು ಕೋಣೆ, ಒಂದು ಚಾಪೆ, ಮಗುಚುತ್ತಿರುವ ಪುಟ ಕಾಣುತ್ತದೆ. ಅಭಿಪ್ರಾಯ ಬರೆಯಲು ಸಮಯ ಇಲ್ಲದವರು, ಏನು ಬರೆಯಬೇಕೋ ತಿಳಿಯದವರು, ಹೆಸರು ಮತ್ತು ತಾರೀಖನ್ನಾದರೂ ಬರೆದಿಡಿ. ಹತ್ತು ವರ್ಷ ಬಿಟ್ಟು ತೆಗೆದರೆ ಆ ತಿಂಗಳು ಎದ್ದು ಬರುತ್ತದೆ.

ಸಂಖ್ಯೆಯ ಹಿಂದೆ ಮಾತ್ರ ಹೋಗಬೇಡಿ. ಒಂದು ವರ್ಷ ನಾನು ಹೋಗಿದ್ದೆ. ವಾರಕ್ಕೊಂದರಂತೆ ವರ್ಷಕ್ಕೆ 52 ಅಂತ ಜನವರಿಯಲ್ಲೇ ಬರೆದುಕೊಂಡೆ. ಆ ವರ್ಷದ ಪುಟಗಳನ್ನು ಈಗ ನೋಡಿದರೆ ಬೇಜಾರಾಗುತ್ತದೆ. ಎಲ್ಲ ತೆಳು ಪುಸ್ತಕಗಳು. ದಪ್ಪನೆಯದನ್ನು ಕೈಗೆತ್ತಿಕೊಂಡು ಲೆಕ್ಕ ತಪ್ಪುತ್ತದೆ ಅಂತ ಕೆಳಗಿಟ್ಟದ್ದು ನನಗೆ ಚೆನ್ನಾಗಿ ನೆನಪಿದೆ. 52 ಆಯಿತು. ಅದರಲ್ಲಿ ಮೂವತ್ತರ ಬಗ್ಗೆ ಇವತ್ತು ಒಂದು ವಾಕ್ಯ ಹೇಳು ಅಂದರೆ ನನ್ನಿಂದ ಆಗುವುದಿಲ್ಲ.

ನೋಟ್ ಬುಕ್ಕಿಗೆ 'ಯಾರಿಗೆ' ಅನ್ನುವ ಕಾಲಂ ಬಂದದ್ದು ಮೇಲಿನ ಮನೆ ಆಂಟಿಯಿಂದ.

ಅವರ ಯಜಮಾನರು ತೀರಿಹೋಗಿ ಎರಡು ತಿಂಗಳಾಗಿತ್ತು. ಮಗಳು ದೂರದೂರಿನಲ್ಲಿ. ಸಂಜೆ ಹೊತ್ತು ಒಬ್ಬರೇ ಮೆಟ್ಟಿಲ ಮೇಲೆ ಕೂತಿರುತ್ತಿದ್ದರು. ಮನಸ್ಸು ಹಗುರವಾಗಲಿ ಅಂತ ನಾನೊಂದು ಹಾಸ್ಯ ಪ್ರಬಂಧಗಳ ಪುಸ್ತಕ ಕೊಟ್ಟೆ. ನಾನು ಓದುವಾಗ ಬಸ್ಸಿನಲ್ಲಿ ಜೋರಾಗಿ ನಕ್ಕಿದ್ದ ಪುಸ್ತಕ. ಎರಡೇ ದಿನಕ್ಕೆ ವಾಪಸ್ ಬಂತು. 'ಪುಸ್ತಕ ಚೆನ್ನಾಗೇ ಇದೆ ಕಣಮ್ಮ. ನಂಗೆ ಈಗ ನಗೋಕಾಗಲ್ಲ' ಅಂದರು.

ಆ ರಾತ್ರಿ ತಿಂಗಳ ಪುಟ ತೆಗೆದು ಆ ಪುಸ್ತಕದ ಪಕ್ಕ ಆಂಟಿಯ ಹೆಸರು ಬರೆದೆ. ಮುಂದೆ 'ತಪ್ಪು ಪುಸ್ತಕ' ಅಂತ ಬರೆದೆ. ಸ್ವಲ್ಪ ಹೊತ್ತಾದ ಮೇಲೆ ಅದನ್ನು ಹೊಡೆದು 'ತಪ್ಪು ಸಮಯ' ಅಂತ ಬರೆದೆ. ಎರಡೂ ಪೂರ್ತಿ ಸರಿ ಇರಲಿಲ್ಲ. ನಾನು ಕೊಟ್ಟದ್ದು ನನಗೆ ಇಷ್ಟವಾದ ಪುಸ್ತಕ. ಅವರನ್ನು ನೋಡಿ ಕೊಟ್ಟದ್ದಲ್ಲ.

ಐದು ತಿಂಗಳಾದ ಮೇಲೆ ಗೌರಿ ಹಬ್ಬ ಬಂತು. ಅವತ್ತು ಆಂಟಿ ಕೆಳಗೆ ಇಳಿಯಲಿಲ್ಲ. ನಾನೇ ಡಬ್ಬಿಯಲ್ಲಿ ಒಬ್ಬಟ್ಟು ಹಾಕಿಕೊಂಡು ಹೋಗಿ ಕೊಟ್ಟು ಬಂದೆ. ಮೂರು ದಿನ ಬಿಟ್ಟು ಡಬ್ಬಿ ವಾಪಸ್ ಕೊಡಲು ಬಂದವರು ಕಪಾಟಿನ ಮುಂದೆ ನಿಂತರು. ನಿಂತು ನಿಂತು ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಎಳೆದುಕೊಂಡರು. ನನಗೆ ಗಾಬರಿಯಾಯಿತು. ಅದು ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು, ನೂರು ವರ್ಷಕ್ಕೂ ಜಾಸ್ತಿ ಬದುಕಿದ ಹೆಂಗಸಿನ ಕತೆ. 1976ರಲ್ಲಿ ಬಂದದ್ದು. 'ಆಂಟಿ, ಅದು ಬೇಡ, ಬೇರೆ ಕೊಡ್ತೀನಿ' ಅಂದೆ. 'ಯಾಕೆ, ನಾನು ಓದಬಾರದಾ?' ಅಂದರು. ಕೊಟ್ಟೆ.

ಮೂರು ದಿನಕ್ಕೆ ಮುಗಿಸಿ ಬಂದರು. ಕಾಫಿ ಕುಡಿಯುತ್ತಾ ತಮ್ಮ ತಂದೆಯ ಸೋದರತ್ತೆಯ ಬಗ್ಗೆ ಹೇಳಿದರು. ತಲೆ ಬೋಳಿಸಿ, ಕೆಂಪು ಸೀರೆ ಉಟ್ಟು, ಹಿತ್ತಲ ಕಡೆಯ ಕೋಣೆಯಲ್ಲಿ ಇರುತ್ತಿದ್ದರಂತೆ. ಮಕ್ಕಳೆಲ್ಲ ಅವರನ್ನು ಕಂಡರೆ ಹೆದರುತ್ತಿದ್ದರಂತೆ. ಆದರೆ ಜ್ವರ ಬಂದಾಗ ರಾತ್ರಿಯೆಲ್ಲ ಪಕ್ಕದಲ್ಲಿ ಕೂರುತ್ತಿದ್ದವರು ಅವರೇ. ಕೊನೆಗೆ ಹೇಳಿದರು: 'ಅವರ ಹೆಸರು ಏನಂತ ನಂಗೆ ಇವತ್ತಿಗೂ ಗೊತ್ತಿಲ್ಲ ಕಣಮ್ಮ. ಎಲ್ಲರೂ ಅತ್ತೆ ಅಂತಲೇ ಕರೀತಿದ್ವಿ. ನಂದೂ ಒಂದಿನ ಹಂಗೇ ಆಗುತ್ತಾ ಅಂತ ಯೋಚನೆ ಬಂತು.'

ಅವರ ಹೆಸರು ನನಗೆ ಗೊತ್ತಿತ್ತು. ಆದರೆ ಅವತ್ತಿನವರೆಗೂ ಒಂದು ಸಲವೂ ಆ ಹೆಸರಿಟ್ಟು ಕರೆದಿರಲಿಲ್ಲ.

ಅವತ್ತಿನಿಂದ ಪ್ರತಿ ತಿಂಗಳ ಪುಟದಲ್ಲಿ ಎಡಗಡೆ ಓದಿದ್ದು, ಬಲಗಡೆ ಹೇಳಿದ್ದು. ಹೇಳಿದ್ದರಲ್ಲಿ ಮೂರು ಭಾಗ: ಯಾವ ಪುಸ್ತಕ, ಯಾರಿಗೆ, ಏನಾಯಿತು. 'ಏನಾಯಿತು' ಎಷ್ಟೋ ಸಲ ಖಾಲಿ ಇರುತ್ತದೆ. ಕೆಲವು ಸಲ ವರ್ಷ ಕಳೆದ ಮೇಲೆ ತುಂಬುತ್ತದೆ. ಆಗ ಹಳೇ ಪುಟಕ್ಕೆ ಹೋಗಿ ಬೇರೆ ಬಣ್ಣದ ಪೆನ್ನಿನಲ್ಲಿ ಬರೆಯುತ್ತೇನೆ.

ಬರೆಯಲು ಶುರು ಮಾಡಿದ ಮೇಲೆ ನನ್ನ ಒಂದು ಅಭ್ಯಾಸ ನನಗೇ ಕಂಡಿತು. ನಾನು ಎಲ್ಲರಿಗೂ ಅದೇ ನಾಲ್ಕು ಪುಸ್ತಕ ಹೇಳುತ್ತಿದ್ದೆ. ಆಫೀಸಿನ ಹುಡುಗಿಗೂ ಅದೇ, ರಿಟೈರ್ ಆದ ಮಾವನವರಿಗೂ ಅದೇ. ಬಲಗಡೆ ಸಾಲಾಗಿ ಒಂದೇ ಹೆಸರು ಬಂದಾಗ ಅದು ಕಣ್ಣಿಗೆ ಚುಚ್ಚುತ್ತದೆ. ಒಳ್ಳೆಯ ಪುಸ್ತಕ ಅಂದಮಾತ್ರಕ್ಕೆ ಅದು ಎದುರಿಗೆ ಕೂತವರ ಪುಸ್ತಕ ಆಗುವುದಿಲ್ಲ ಅಲ್ವಾ? ಈಗ ಯಾರಾದರೂ 'ಒಂದು ಒಳ್ಳೇ ಪುಸ್ತಕ ಹೇಳಿ' ಅಂದರೆ ಮೊದಲು ಎರಡು ಪ್ರಶ್ನೆ ಕೇಳುತ್ತೇನೆ. ಕೊನೆಯದಾಗಿ ಪೂರ್ತಿ ಓದಿದ್ದು ಯಾವುದು? ಅರ್ಧಕ್ಕೆ ಬಿಟ್ಟದ್ದು ಯಾವುದು, ಎಲ್ಲಿ ಬಿಟ್ಟಿರಿ? ಎರಡನೇ ಪ್ರಶ್ನೆಯಿಂದಲೇ ಜಾಸ್ತಿ ತಿಳಿಯುತ್ತದೆ.

ಗ್ರಂಥಾಲಯದವರಿಗೆ ಇದು ಹೊಸ ಮಾತಲ್ಲ. ಎಸ್.ಆರ್. ರಂಗನಾಥನ್ 1931ರಲ್ಲೇ ಗ್ರಂಥಾಲಯಕ್ಕೆ ಐದು ಸೂತ್ರ ಹೇಳಿದರು. ಪುಸ್ತಕ ಇರುವುದು ಬಳಸುವುದಕ್ಕೆ ಅನ್ನುವುದು ಮೊದಲನೆಯದು. ಎರಡನೆಯದು, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಮೂರನೆಯದು ಅದನ್ನೇ ತಿರುಗಿಸಿ ಹೇಳಿದಂತಿದೆ: ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು. ಗಣಿತದ ಮೇಷ್ಟ್ರಾಗಿದ್ದವರು 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ. ಇಲ್ಲಿ 1962ರಲ್ಲಿ ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಆ ಮೂರನೇ ಸೂತ್ರ ನನಗೆ ತುಂಬಾ ಹತ್ತಿರದ್ದು. ಕಪಾಟಿನಲ್ಲಿ ಒಂದು ಪುಸ್ತಕ ವರ್ಷಗಟ್ಟಲೆ ಸುಮ್ನೆ ಕೂತಿದ್ದರೆ ಅದು ಯಾರನ್ನೋ ಕಾಯುತ್ತಿದೆ ಅಂತ ಅನ್ನಿಸುತ್ತದೆ.

ಅಂಗಡಿಯವರಲ್ಲೂ ಈ ಗುಣ ಇದ್ದವರಿದ್ದರು. ನಾನು ಕಾಲೇಜಿನಲ್ಲಿದ್ದಾಗ ಚರ್ಚ್ ಸ್ಟ್ರೀಟ್ ಹತ್ತಿರದ ಪ್ರೀಮಿಯರ್ ಬುಕ್ ಶಾಪಿಗೆ ಹೋಗುತ್ತಿದ್ದೆ. ನಿಲ್ಲಲೂ ಜಾಗ ಇಲ್ಲದ ಅಂಗಡಿ. ನೆಲದಿಂದ ಮೇಲಿನವರೆಗೆ ಪುಸ್ತಕದ ರಾಶಿ. ಟಿ.ಎಸ್. ಶಾನಭಾಗರಿಗೆ ಯಾವ ರಾಶಿಯಲ್ಲಿ ಏನಿದೆ ಅಂತ ಗೊತ್ತಿರುತ್ತಿತ್ತು. ಯಾವ ಗಿರಾಕಿ ಏನು ಓದುತ್ತಾರೆ ಅನ್ನುವುದೂ ಗೊತ್ತಿರುತ್ತಿತ್ತು. ಅಂಗಡಿ 2009ರಲ್ಲಿ ಮುಚ್ಚಿತು. ಅವರು 2021ರ ಮೇ ತಿಂಗಳಲ್ಲಿ ಹೋದರು. ಆ ತಿಂಗಳ ನನ್ನ ಪುಟದಲ್ಲಿ ಪುಸ್ತಕದ ಹೆಸರೇ ಇಲ್ಲ, ಅವರ ಹೆಸರಿದೆ.

ನನ್ನ ಮಟ್ಟಿಗೆ ತುಂಬಾ ಖುಷಿ ಕೊಟ್ಟ ಸಾಲು ಅಕ್ಕನ ಮಗನದು. ಅವನಿಗೆ ಕನ್ನಡ ಓದಲು ಬರುತ್ತದೆ, ಆದರೆ ನಿಧಾನ. ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂ. ಮನೆ ವಿಜಯನಗರ, ಕೆಲಸ ವೈಟ್‌ಫೀಲ್ಡ್. 2023ರ ಅಕ್ಟೋಬರಿನಲ್ಲಿ ನೇರಳೆ ಮೆಟ್ರೋ ಆ ತುದಿಯಿಂದ ಈ ತುದಿಗೆ ಪೂರ್ತಿ ಓಡಲು ಶುರುವಾದಾಗ ಅವನಿಗೆ ದಿನಕ್ಕೆ ಎರಡು ಗಂಟೆಗೂ ಮೀರಿ ಕೂರುವ ಹೊತ್ತು ಸಿಕ್ಕಿತು. 'ಚಿಕ್ಕಮ್ಮ, ಏನಾದ್ರೂ ಸಣ್ಣದು, ಸುಲಭದ್ದು ಕೊಡಿ' ಅಂದ.

ಸುಲಭದ್ದು ಅಂತ ಮಕ್ಕಳ ಕತೆ ಕೊಟ್ಟಿದ್ದರೆ ಅವನು ನಾಲ್ಕು ದಿನಕ್ಕೆ ಬಿಡುತ್ತಿದ್ದ. ನಿಧಾನಕ್ಕೆ ಓದುವವರಿಗೆ ಬೇಕಾದ್ದು ಸುಲಭದ ಪುಸ್ತಕವಲ್ಲ, ಮುಂದಕ್ಕೆ ಎಳೆಯುವ ಪುಸ್ತಕ. ಮಾತಾಡಿದ ಹಾಗೆ ಬರೆದದ್ದು. ತುಟಿ ಅಲ್ಲಾಡಿಸಿ ಓದಿದರೆ ಅರ್ಥವಾಗುವಂಥದ್ದು. ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' ಕೊಟ್ಟೆ. 1980ರಲ್ಲಿ ಬಂದದ್ದು, ಅವನಿಗಿಂತ ಹಳೆಯದು. ನವೆಂಬರ್ ಪುಟದಲ್ಲಿ ಅವನ ಸಾಲು ಹೀಗಿದೆ: '11ನೇ ಪುಟ. ದಿನಕ್ಕೆ ನಾಲ್ಕು ಸಲ ಫೋನ್.' ಜೇನಿನ ವಿಷಯದಲ್ಲಿ ಬರುವ ಪದಗಳೆಲ್ಲ ಅವನಿಗೆ ಹೊಸವು. ಡಿಸೆಂಬರ್: '58. ಫೋನ್ ಕಡಿಮೆಯಾಗಿದೆ.' ಆಮೇಲೆ ಒಂದು ರಾತ್ರಿ ಹತ್ತೂವರೆಗೆ ಫೋನ್ ಬಂತು. 'ಚಿಕ್ಕಮ್ಮ, ಹಾರೋ ಓತಿ ನಿಜವಾಗ್ಲೂ ಇದೆಯಾ?' ಇದೆ ಕಣೋ, ನಮ್ಮ ಪಶ್ಚಿಮ ಘಟ್ಟದಲ್ಲೇ ಇದೆ, ಪಕ್ಕೆಯ ಚರ್ಮ ಬಿಚ್ಚಿಕೊಂಡು ಮರದಿಂದ ಮರಕ್ಕೆ ತೇಲುತ್ತದೆ ಅಂದೆ. ಜನವರಿ ಪುಟದಲ್ಲಿ 'ಮುಗಿಯಿತು' ಅಂತ ಬರೆಯುವಾಗ ನನ್ನ ಕೈ ಸ್ವಲ್ಪ ನಡುಗಿತ್ತು. ಅದು ಅವನು ಪಠ್ಯ ಬಿಟ್ಟು ಪೂರ್ತಿ ಓದಿದ ಮೊದಲ ಕನ್ನಡ ಪುಸ್ತಕ. ಈಗ ಅವನ ಫೋನಿನಲ್ಲೂ ತಿಂಗಳಿಗೊಂದು ಪಟ್ಟಿ ಇದೆ.

ವರ್ಷಗಟ್ಟಲೆ ಬರೆದರೆ ತಿಂಗಳುಗಳಿಗೂ ಒಂದು ಮುಖ ಬರುತ್ತದೆ. ನಾನು ಆಡಿಟರ್ ಆಫೀಸಿನಲ್ಲಿ ಕೆಲಸ ಮಾಡುವವಳು. ಪ್ರತಿ ವರ್ಷ ಮಾರ್ಚ್ ಪುಟ ಬೋಳು. ಜುಲೈ ಕೂಡ ಹಾಗೇ, ರಿಟರ್ನ್ಸ್ ಕಾಲ. ಮೊದಲೆಲ್ಲ ಖಾಲಿ ಪುಟ ನೋಡಿ ಬೇಜಾರು ಮಾಡಿಕೊಳ್ಳುತ್ತಿದ್ದೆ. ಈಗ ಖಾಲಿ ಬಿಟ್ಟು ಮುಂದೆ ಹೋಗುತ್ತೇನೆ. ಹಿಂದಿನ ತಿಂಗಳದ್ದನ್ನು ತಂದು ತುಂಬುವುದಿಲ್ಲ. ಏಪ್ರಿಲ್ 2020ರ ಪುಟದಲ್ಲಿ ಹದಿನಾಲ್ಕು ಪುಸ್ತಕ ಇದೆ, ಲಾಕ್‌ಡೌನ್. ಬಲಗಡೆ ಒಂದೇ ಸಾಲು: 'ಶಿವಮೊಗ್ಗದ ಅತ್ತೆಗೆ ದಿನಾ ರಾತ್ರಿ ಫೋನಿನಲ್ಲಿ ಒಂದು ಕತೆ.' ಅತ್ತೆಗೆ ಆಗಲೇ ಕಣ್ಣು ಮಂಜಾಗಿತ್ತು. ಒಟ್ಟು ಇಪ್ಪತ್ತಾರು ಕತೆ ಓದಿ ಹೇಳಿದೆ.

ನವೆಂಬರ್ ಬೇರೆಯೇ ಥರ. ರಾಜ್ಯೋತ್ಸವದ ತಿಂಗಳು. ಕನ್ನಡ ಪುಸ್ತಕಗಳಿಗೆ ರಿಯಾಯಿತಿ. ಗಾಂಧಿ ಬಜಾರಿನ ಅಂಕಿತದಿಂದ ಒಂದು ಚೀಲ, ನವಕರ್ನಾಟಕದಿಂದ ಒಂದು ಚೀಲ. ಭಾನುವಾರ ಬೆಳಿಗ್ಗೆ ಪುಸ್ತಕ ಬಿಡುಗಡೆ, ಉಪ್ಪಿಟ್ಟು, ಕೇಸರಿಬಾತು, ಕಾಫಿ, ಹೊರಗೆ ಮೇಜಿನ ಮೇಲೆ ಹೊಸ ಪುಸ್ತಕ. ಕೊಳ್ಳದೆ ಬರಲು ಮನಸ್ಸಾಗುವುದಿಲ್ಲ. ನಿಕ್ ಹಾರ್ನ್‌ಬಿ ಅನ್ನುವ ಇಂಗ್ಲಿಷ್ ಕಾದಂಬರಿಕಾರರು 2003ರಲ್ಲಿ ಶುರು ಮಾಡಿದ ತಿಂಗಳ ಅಂಕಣದಲ್ಲಿ ಮೇಲೆ ಎರಡು ಪಟ್ಟಿ ಕೊಡುತ್ತಿದ್ದರು, ಆ ತಿಂಗಳು ಕೊಂಡ ಪುಸ್ತಕಗಳು, ಆ ತಿಂಗಳು ಓದಿದ ಪುಸ್ತಕಗಳು. ಎರಡೂ ಒಂದೇ ಆಗಿರುತ್ತಿರಲಿಲ್ಲ. ಅದನ್ನು ನೋಡಿ ನಾನೂ ಒಂದು ವರ್ಷ ಕೊಂಡದ್ದನ್ನು ಬರೆದೆ. ಆಮೇಲೆ ಬಿಟ್ಟೆ. ಕೊಂಡದ್ದು ಕಪಾಟಿನಲ್ಲೇ ಕಾಣುತ್ತದೆ. ಕೊಳ್ಳಲು ಆಗದವರಿಗೆ ನಾನು ಹತ್ತಿರದ ಸರ್ಕಾರಿ ಶಾಖಾ ಗ್ರಂಥಾಲಯದ ದಾರಿ ಹೇಳುತ್ತೇನೆ. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರವನ್ನೂ ಕಟ್ಟುತ್ತೇವೆ, 1965ರ ಗ್ರಂಥಾಲಯ ಕಾನೂನಿನಿಂದ ಬಂದದ್ದು. ಆ ಕಟ್ಟಡ, ಆ ಪುಸ್ತಕ ನಮ್ಮದೇ. ಕಬ್ಬನ್ ಪಾರ್ಕಿನ ಕೆಂಪು ಬಣ್ಣದ ಕೇಂದ್ರ ಗ್ರಂಥಾಲಯಕ್ಕೆ ಹೋಗಿ ಒಂದು ಮಧ್ಯಾಹ್ನ ಕೂತು ಬಂದವರು ಮತ್ತೆ ಹೋಗುತ್ತಾರೆ.

2025ರ ಮೇ ಪುಟದ ಬಲಗಡೆ ಜಾಗವೇ ಸಾಲಲಿಲ್ಲ. ಹಾಸನದ ಬಾನು ಮುಷ್ತಾಕ್ ಅವರ ಕತೆಗಳಿಗೆ, ದೀಪಾ ಭಾಸ್ತಿಯವರ ಇಂಗ್ಲಿಷ್ ಅನುವಾದದ 'ಹಾರ್ಟ್ ಲ್ಯಾಂಪ್'ಗೆ, ಅಂತಾರಾಷ್ಟ್ರೀಯ ಬೂಕರ್ ಬಂದ ತಿಂಗಳು. ಕನ್ನಡಕ್ಕೆ ಮೊದಲನೆಯದು, ಸಣ್ಣಕತೆಗಳ ಸಂಕಲನಕ್ಕೂ ಮೊದಲನೆಯದು. ವರ್ಷಗಟ್ಟಲೆ ಕನ್ನಡ ಪುಸ್ತಕ ಮುಟ್ಟದವರೆಲ್ಲ ಫೋನ್ ಮಾಡಿದರು. 'ಅದರ ಕನ್ನಡ ಪುಸ್ತಕ ಯಾವುದು?' ಅಂತ ಒಂದೇ ಪ್ರಶ್ನೆ. ಅದರಲ್ಲಿರುವ 12 ಕತೆಗಳು ಮೂವತ್ತು ವರ್ಷಕ್ಕೂ ಜಾಸ್ತಿ ಕಾಲದಲ್ಲಿ ಬರೆದವು, ಬೇರೆ ಬೇರೆ ಸಂಕಲನಗಳಿಂದ ಆಯ್ದವು, ಒಂದೇ ಹಳೇ ಪುಸ್ತಕ ಅಂತ ಇಲ್ಲ ಅಂತ ಎಷ್ಟು ಜನಕ್ಕೆ ಹೇಳಿದೆನೋ. ಆ ತಿಂಗಳು ಹತ್ತೊಂಬತ್ತು ಹೆಸರು ಬರೆದುಕೊಂಡೆ. ವರ್ಷದ ಕೊನೆಗೆ ಒಬ್ಬೊಬ್ಬರನ್ನೂ ಕೇಳಿದೆ. ಓದಿದವರು ಎಂಟು ಜನ. ಆ ಎಂಟರಲ್ಲಿ ಮೂವರು ಮುಂದೆ ಬೇರೆ ಪುಸ್ತಕ ಕೇಳಿದರು. ನನಗೆ ಆ ಮೂರು ಹೆಸರು ದೊಡ್ಡದು.

ಒಂದೇ ಪುಸ್ತಕ ಎರಡು ಸಲ ಬಂದ ಪುಟಗಳನ್ನೂ ನಾನು ಆಗಾಗ ತೆಗೆದು ನೋಡುತ್ತೇನೆ. ಕಾರಂತರ 'ಮೂಕಜ್ಜಿಯ ಕನಸುಗಳು' ಮೊದಲು ಬಂದದ್ದು ಕಾಲೇಜಿನ ದಿನಗಳಲ್ಲಿ. ಆಗ ಬರೆದ ಸಾಲು: 'ಕತೆ ಕಡಿಮೆ, ಮಾತು ಜಾಸ್ತಿ.' ನಲವತ್ತೈದು ದಾಟಿದ ಮೇಲೆ ಮತ್ತೆ ಓದಿದೆ. ಅಷ್ಟು ಹೊತ್ತಿಗೆ ಅಮ್ಮನಿಗೆ ಮರೆವು ಶುರುವಾಗಿತ್ತು. ಬೆಳಿಗ್ಗೆ ತಿಂದ ತಿಂಡಿ ನೆನಪಿಲ್ಲ, ಆದರೆ ಒಂದು ಹಳೇ ಹಿತ್ತಾಳೆ ಚೊಂಬು ಕೈಗೆ ಕೊಟ್ಟರೆ ಅರವತ್ತು ವರ್ಷದ ಹಿಂದಿನ ಮನೆ, ಬಾವಿ, ಹಗ್ಗ ಎಲ್ಲ ಹೇಳುತ್ತಿದ್ದಳು. ಮೂಕಜ್ಜಿಯೂ ವಸ್ತುವನ್ನು ಮುಟ್ಟಿ ಅದರ ಹಿಂದಿನದನ್ನೆಲ್ಲ ಕಾಣುವವಳು. ಎರಡನೇ ಸಲ ಓದಿದ ತಿಂಗಳ ಪುಟದಲ್ಲಿ ಅಭಿಪ್ರಾಯವೇ ಇಲ್ಲ. 'ಅಮ್ಮ, ಚೊಂಬು' ಅಂತಷ್ಟೇ ಇದೆ.

ಪುಸ್ತಕವನ್ನು ಇನ್ನೊಬ್ಬರ ಕೈಗೆ ದಾಟಿಸುವುದರಲ್ಲಿ ನಮ್ಮವರ ಆಸೆ ಸಣ್ಣದಲ್ಲ. ಹತ್ತನೇ ಶತಮಾನದಲ್ಲಿ ಅತ್ತಿಮಬ್ಬೆ ಪೊನ್ನನ 'ಶಾಂತಿಪುರಾಣ'ವನ್ನು ಸಾವಿರ ಪ್ರತಿ ಮಾಡಿಸಿ ಹಂಚಿದಳು. ಅಚ್ಚಿನ ಯಂತ್ರ ಇಲ್ಲದ ಕಾಲ. ಒಂದೊಂದು ಪ್ರತಿಯನ್ನೂ ಯಾರೋ ಕೂತು, ತಾಳೆಗರಿಯ ಮೇಲೆ ಮೊನಚಾದ ಕಂಟದಿಂದ ಕೊರೆದು ಬರೆಯಬೇಕು. ಸಾವಿರ ಜನರ ಕೈಗೆ ಹೋಗಲಿ ಅಂತ ಒಬ್ಬ ಹೆಂಗಸು ಬಯಸಿದಳು. ಆ ಸಾವಿರ ಪ್ರತಿ ಯಾರ ಯಾರ ಮನೆಗೆ ಹೋದವೋ, ಯಾವ ಸಂಜೆ ಯಾರು ಜೋರಾಗಿ ಓದಿದರೋ, ಯಾರು ಕೇಳುತ್ತಾ ನಿದ್ದೆ ಹೋದರೋ. ಬಲಗಡೆಯ ಕಾಲಂ ಬರೆಯುವಾಗ ನನಗೆ ಅವಳ ನೆನಪು ಬರುತ್ತದೆ.

ಅಮ್ಮನಿಗೆ ಈಗ ಎಪ್ಪತ್ತೊಂಬತ್ತು. ಪುಸ್ತಕ ಇನ್ನೂ ಬೇಕು. ಹೋದ ತಿಂಗಳು ಲೈಬ್ರರಿಯಿಂದ ಬಂದ ಆ ಹನ್ನೊಂದರಲ್ಲಿ ಒಂದು ಕಾದಂಬರಿ ಕೊಟ್ಟೆ. ಎಂದಿನಂತೆ 45ನೇ ಪುಟ ತೆಗೆದಳು. ಚುಕ್ಕೆ ಇತ್ತು. 'ಇದು ಓದಿದ್ದೀನಲ್ಲ' ಅಂದಳು. ಕತೆ ಏನು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇಲ್ಲ, ಕೊಡು' ಅಂದಳು. ದಿನಕ್ಕೆ ಎಂಟು ಹತ್ತು ಪುಟ. ಕೆಲವು ಪುಟ ಎರಡು ಸಲ. ಮುಗಿಸಿದ ದಿನ ಪೆನ್ಸಿಲ್ ಕೇಳಿ ಹಳೇ ಚುಕ್ಕೆಯ ಪಕ್ಕ ಇನ್ನೊಂದು ಚುಕ್ಕೆ ಇಟ್ಟಳು. ನಾನು ನನ್ನ ಪುಟದಲ್ಲಿ ಬರೆದುಕೊಂಡೆ.

ಈ ತಿಂಗಳ ಪುಟದಲ್ಲಿ ಒಂದು ಸಾಲು ಮೂರು ವಾರದಿಂದ ಅರ್ಧ ನಿಂತಿದೆ. ಪಕ್ಕದ ಮನೆಯ ಹುಡುಗ, ಒಂಬತ್ತು ವರ್ಷ. ಕನ್ನಡ ಅಕ್ಷರ ಬರುತ್ತದೆ, ಒತ್ತಕ್ಷರ ಬಂದರೆ ನಿಲ್ಲುತ್ತಾನೆ. 'ನಂಗೊಂದು ಪುಸ್ತಕ ಕೊಡಿ ಆಂಟಿ, ಅದರಲ್ಲಿ ಲಾರಿ ಇರಬೇಕು' ಅಂದಿದ್ದಾನೆ. ಲಾರಿ ಇರುವ ಮಕ್ಕಳ ಪುಸ್ತಕ ನನಗೆ ಹೊಳೆಯುತ್ತಿಲ್ಲ. 'ಯಾರಿಗೆ' ತುಂಬಿದೆ, 'ಯಾವ ಪುಸ್ತಕ' ಖಾಲಿ. ಶನಿವಾರ ಅವನನ್ನೇ ಗಾಂಧಿ ಬಜಾರಿಗೆ ಕರೆದುಕೊಂಡು ಹೋಗುತ್ತೇನೆ. ಮಕ್ಕಳ ಪುಸ್ತಕದ ಕಪಾಟಿನ ಮುಂದೆ ಬಿಟ್ಟು ನಾನು ದೂರ ನಿಲ್ಲುತ್ತೇನೆ. ಅವನು ಯಾವುದನ್ನು ಎತ್ತಿಕೊಳ್ಳುತ್ತಾನೋ ಅದರ ಹೆಸರು ಬರೆದುಕೊಂಡು ಬರುತ್ತೇನೆ.